ಕಿತ್ತಳೆ ಬಣ್ಣದ ಗೆರೆ

…ಟಾರ್ಚು ನನ್ನ ಮುಖಕ್ಕಲ್ಲ ಕಣೇ, ಎಂಜಿನ್ನಿಗೆ ಬಿಡು. ಹಾಂ, ಹಾಗೆ. ಇನ್ನೂ ಸ್ವಲ್ಪ ಎಡಕ್ಕೆ... ಸಾಕು ಸಾಕು, ಅಷ್ಟು ಕೆಳಗೆ ಬೇಡ. ಅಲ್ಲೇನಿದೆ ನೋಡೋಕೆ? ಬ್ಯಾಟರಿ ಇರೋದು ಮೇಲೆ.

ಮಾತಾಡಬೇಡ ಅಂದ್ನಲ್ಲ. ಹೂಂ ಅನ್ನೋದೂ ಬೇಡ. ದವಡೆಗೆ ತಂತಿ ಕಟ್ಟಿ ಒಂಬತ್ತು ದಿನ ಆಗಿದೆ, ಇನ್ನೂ ಐದು ವಾರ ಬಾಯಿ ತೆರೆಯೋ ಹಾಗಿಲ್ಲ ಅಂತ ಡಾಕ್ಟರು ನಿನಗಿಂತ ನನಗೇ ಜಾಸ್ತಿ ಸಲ ಹೇಳಿದಾರೆ. ಸ್ಲೇಟು ಪಕ್ಕಕ್ಕಿಡು, ನಿನ್ನ ಕೈ ನನಗೆ ಬೇಕು. ತಗೋ, ಈ ಸಣ್ಣ ಸ್ಪ್ಯಾನರ್ ಹಿಡ್ಕೋ. ಒಂದು ಸಲ ತಟ್ಟಿದ್ರೆ ಹೌದು. ಎರಡು ಸಲ ತಟ್ಟಿದ್ರೆ ಇಲ್ಲ. ಎಲ್ಲಿ, ತಟ್ಟು ನೋಡೋಣ... ಆ ಮಡ್‌ಗಾರ್ಡಿನ ತಗ್ಗಿನ ಮೇಲೆ ಬೇಡ, ಅದರ ಪಕ್ಕ. ಪಕ್ಕ ಅಂದೆ! ನಿನ್ನ ಮುಖ ಹಿಡಿದು ಕುಕ್ಕಿ ನಿನ್ನ ಗಂಡ ಮಾಡಿದ ತಗ್ಗು ಅದು. ಅದರ ಮೇಲೇ ತಟ್ತೀಯಲ್ಲ. ಅಪ್ಪ ಸುಮ್ಮನೆ ನಿನಗೆ ಮೆಣಸಿ ಅಂತ ಹೆಸರಿಟ್ಟಿದ್ದಲ್ಲ ಬಿಡು.

ಏನು ನೋಡ್ತಿದೀಯ? ನನ್ನ ತೋಳಾ? ಗ್ರೀಸು ಕಣೇ, ಇನ್ನೇನು. ಗ್ರೀಸು ಮೈಗೆ ಹತ್ತದೆ ಇದ್ದ ದಿನ ಯಾವುದು ನನಗೆ...

ಆಯ್ತು. ಗ್ರೀಸು ಕೆಂಪಗಿರಲ್ಲ. ರಕ್ತ. ನನ್ನದಲ್ಲ, ಹೆದರಬೇಡ. ಎಲ್ಲ ಹೇಳ್ತೀನಿ, ಒಂದೇ ಉಸಿರಲ್ಲಿ ಹೇಳೋಕಾಗಲ್ಲ. ಮೊದಲು ಅಪ್ಪನ ಈ ವ್ಯಾನು. ನಮಗೆ ಒಂದು ಗಂಟೆ ಇದೆ, ಹೆಚ್ಚು ಅಂದ್ರೆ ಒಂದೂವರೆ. ಅಷ್ಟರಲ್ಲಿ ಇದು ಚಾರ್ಜ್ ಆಗೋ ಹಾಗೆ ಮಾಡಿ ಇಬ್ಬರೂ ಹೊರಟುಬಿಡಬೇಕು. ಆ ಸಮುದ್ರದ ಊರಿಗೇ ಹೋಗೋಣ, ನೀನು ಹೇಳ್ತಿದ್ದೆಯಲ್ಲ, ಹಾಸ್ಟೆಲ್ ಅಡುಗೆಮನೆ ಕೆಲಸ. ನಾನೂ ಪಾತ್ರೆ ತೊಳೀತೀನಿ. ಏನು ಹಾಗೆ ಹುಬ್ಬು ಹಾರಿಸ್ತೀಯ? ಹೌದು, ಇಬ್ಬರೂ ಅಂದೆ.

ಒಂದು ಕೆಲಸ ಮಾಡು. ನೀನು ಮೇಲೆ ರೂಮಿಗೆ ಹೋಗಿ ನನ್ನ ಎರಡು ಜೊತೆ ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಾ. ಆರಾಮಾಗಿ ಬಾ. ಅಷ್ಟೊತ್ತಿಗೆ ನಾನು ಇಲ್ಲಿ... ಎರಡು ಸಲ ತಟ್ಟಿದೆ. ಇಲ್ಲ. ಯಾಕೆ ಇಲ್ಲ? ಸರಿ, ನಿಂತ್ಕೋ. ಈ ಶೆಡ್ಡಲ್ಲಿ ಹಗಲೂ ಕತ್ತಲೆ, ಟಾರ್ಚು ಹಿಡಿಯೋಕೆ ಯಾರಾದ್ರೂ ಬೇಕು ಹೇಗಿದ್ರೂ.

ನೋಡು, ಮೀಟರಿನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ. ಹನ್ನೆರಡೂವರೆ ವೋಲ್ಟ್. ನಿನ್ನೆ ಹಗಲೆಲ್ಲ ಚಾರ್ಜರ್ ಹಾಕಿಟ್ಟಿದ್ದಕ್ಕೆ ತುಂಬಿದೆ. ಹೋಗಿ ಕೀ ತಿರುಗಿಸು... ಹಾಂ, ಹತ್ತಿಕೊಳ್ತು. ಸ್ಟಾರ್ಟಿಂಗ್‌ಗೆ ಏನೂ ತಕರಾರಿಲ್ಲ. ಈಗ ಬಾ, ಮೀಟರ್ ನೋಡು. ಎಂಜಿನ್ ಓಡ್ತಿರುವಾಗ ಹದಿನಾಲ್ಕು ದಾಟಬೇಕು. ದಾಟ್ತಾ? ಹನ್ನೆರಡು ಪಾಯಿಂಟ್ ಎರಡು. ಹೆಡ್‌ಲೈಟ್ ಹಾಕಿದ್ರೆ ಇನ್ನೂ ಇಳಿಯುತ್ತೆ. ದುಡಿಯೋನು ಮನೆಗೆ ಏನೂ ತರ್ತಾ ಇಲ್ಲ, ಮನೆಯವರೆಲ್ಲ ಡಬ್ಬಿಯಲ್ಲಿದ್ದದ್ದನ್ನೇ ತಿಂತಾ ಕೂತಿದಾರೆ. ಎಷ್ಟು ದಿನ ನಡೆಯುತ್ತೆ? ಮೂವತ್ತು ಕಿಲೋಮೀಟರ್ ನಡೆಯುತ್ತೆ. ಆಮೇಲೆ ದಾರಿ ಮಧ್ಯೆ ಡಬ್ಬಿ ಖಾಲಿ.

ಗೊತ್ತು, ನೀನು ಹೊರಟ ಮೂರು ಸಲವೂ ಖಾಲಿಯಾಯ್ತು. ಮೊದಲನೇ ಸಲ ಹಿಟ್ಟಿನ ಗಿರಣಿ ತಿರುವಲ್ಲಿ, ಎರಡನೇ ಸಲ ಸೇತುವೆ ದಾಟಿದ ಮೇಲೆ. ಎರಡು ಸಲವೂ ನಾನು ಬಂದು ಹಗ್ಗ ಕಟ್ಟಿ ಎಳೆದುಕೊಂಡು ಬರಲಿಲ್ವಾ? ಮೂರನೇ ಸಲ... ಮೂರನೇ ಸಲ ನಾನು ಬರೋಷ್ಟರಲ್ಲಿ ಅವನು ಬಂದಿದ್ದ.

ಅಳಬೇಡ. ಮೂಗು ಕಟ್ಟಿದ್ರೆ ಉಸಿರು ಹೇಗೆ ಬಿಡ್ತೀಯ, ಬಾಯಿಗೆ ಬೀಗ ಹಾಕಿದೆ. ಅವನ ಹಲ್ಲು ಉದುರಿಸಿದ್ದು ಹೇಳ್ತೀನಿ ಕೇಳು, ಅಳು ನಿಲ್ಲುತ್ತೆ.

ಬೆಳಿಗ್ಗೆ ಒಂಬತ್ತಕ್ಕೆ ಗಾಜಿನಂಗಡಿ ಬಾಗಿಲು ತೆಗೀತಾನಲ್ಲ, ಇವತ್ತು ನಾನು ಎಂಟೂಮುಕ್ಕಾಲಿಗೇ ಎದುರುಗಡೆ ನಿಂತಿದ್ದೆ. ಕೈಯಲ್ಲಿ ವೀಲ್ ಸ್ಪ್ಯಾನರ್. ಹಳೇ ಟವೆಲಲ್ಲಿ ಸುತ್ತಿಕೊಂಡಿದ್ದೆ, ನೋಡಿದವರು ಮೂಲಂಗಿ ತಂದಿದಾಳೆ ಅಂದ್ಕೋಬೇಕು. ಶಟರ್ ಎತ್ತಿದ. ನಾನು ಹಿಂದೇನೇ ಒಳಗೆ ಹೋದೆ. ಬೆನ್ನು ಹಾಕಿಕೊಂಡೇ, ಏನು ಬೇಕು ಅಂತ ಕೇಳಿದ. ಕನ್ನಡಿ ಅಂದೆ. ಯಾವ ಅಳತೆ ಅಂದ. ನಿನ್ನ ಮುಖದಷ್ಟು, ಅಂದೆ.

ಯಾಕೆ ನಗ್ತೀಯ? ನಗಬೇಡವೇ, ತಂತಿ ಎಳೆಯುತ್ತೆ! ಆಮೇಲೆ ನೋವು ಅಂತ ರಾತ್ರಿಯೆಲ್ಲ ಮುಲುಗ್ತೀಯ.

ತಿರುಗಿ ನೋಡಿದ. ನಾನಿನ್ನೂ ಒಂದು ಮಾತು ಕೇಳಿಲ್ಲ, ಅಷ್ಟರಲ್ಲೇ ‘ನಾನೇನೂ ಮಾಡಿಲ್ಲ, ಅವಳೇ ಜಾರಿ ಬಿದ್ದಳು’ ಅಂದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ, ಇವನು ಅನ್ನೋಕೆ ಮೊದಲೇ ಮುಟ್ಕೊಂಡ. ಗಾಜು ಕೊಯ್ಯೋ ಟೇಬಲ್ ಮೇಲೆ ಬಲಗೈ ಊರಿದ್ದ. ನಿನ್ನ ಕೂದಲು ಹಿಡಿದ ಕೈ ಅದೇ ತಾನೇ? ಒಂದು ಸಲ ತಟ್ಟಿದೆ. ಹಾಂ. ನನಗೂ ಅದೇ ಅನ್ನಿಸ್ತು. ಅದರ ಮೇಲೆ ಇಳಿಸಿದೆ. ಒಣ ಕಡ್ಡಿ ಮುರಿದ ಹಾಗೆ ಸದ್ದು ಬಂತು. ಒಂದಲ್ಲ, ಮೂರೋ ನಾಲ್ಕೋ ಕಡ್ಡಿ.

ಸಾಕಾ? ಇನ್ನೂ ಇದೆ. ಇರು, ಬೆಲ್ಟು ನೋಡ್ತೀನಿ. ಎಂಜಿನ್ ನಿಲ್ಲಿಸು ಮೊದಲು. ಬೆಲ್ಟು ಸಡಿಲ ಇದ್ರೂ ಚಾರ್ಜ್ ಆಗಲ್ಲ ಗೊತ್ತಾ. ಒತ್ತಿ ನೋಡು... ಬಿಗಿಯಾಗಿದೆ. ಹೋದ ತಿಂಗಳು ತಾನೇ ಹೊಸದು ಹಾಕಿದ್ದು. ಇನ್ನು ಉಳಿದಿದ್ದು ಆಲ್ಟರ್ನೇಟರ್, ಕರೆಂಟು ದುಡಿದು ತರೋನು ಅವನೇ. ನನಗೆ ಅದರ ಮೇಲೇ ಅನುಮಾನ. ಅಪ್ಪನ ಕಾಲದ್ದು, ಒಳಗಡೆ ಬ್ರಷ್ ಸವೆದಿರುತ್ತೆ. ಅದನ್ನ ಬಿಚ್ಚಿ ತೆಗೆದು ಬೇರೆ ಕೂರಿಸ್ತೀನಿ, ಹಳೇ ಗಾಡಿದೊಂದು ಹಿಂದೆ ಬಿದ್ದಿದೆ. ಹೋಗಿ ಹಿತ್ತಲ ಕೊಟ್ಟಿಗೆಯಲ್ಲಿ ಹುಡುಕ್ತೀಯಾ? ದೊಡ್ಡ ಪೆಟ್ಟಿಗೆ ಕೆಳಗೆ ಇರಬೇಕು... ಎರಡು ಸಲ. ಮತ್ತೆ ಇಲ್ಲ. ಇವತ್ತು ಯಾಕೋ ನೆರಳಿನ ಹಾಗೆ ಅಂಟಿಕೊಂಡಿದೀಯ ನೀನು.

ಕೀ ಯಾಕೆ ತಿರುಗಿಸ್ತಿದೀಯ? ಮತ್ತೆ ಸ್ಟಾರ್ಟ್ ಮಾಡೋಕಾ? ...ಮೀಟರ್ ಕೊಡು ಅಂತೀಯಾ. ತಗೋ, ಆದ್ರೆ ಬೆಲ್ಟಿಗೆ ತೋಳು ಸಿಕ್ಕಿಸ್ಕೋಬೇಡ. ಕೆಂಪು ಕಡ್ಡಿ ಆಲ್ಟರ್ನೇಟರ್ ಹಿಂದಿನ ತಿರುಪಿಗೆ, ಕಪ್ಪು ಅದರದೇ ಮೈಗೆ... ಯಾರು ಹೇಳಿಕೊಟ್ರು ನಿನಗೆ? ನಾನಾ? ನಾಲ್ಕು ತಿಂಗಳಿಂದ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ನೋಡ್ತಿದ್ದೆ, ಕಲಿತುಬಿಟ್ಟಿದೀಯ ಹಾಗಾದ್ರೆ. ಎಷ್ಟು ತೋರಿಸ್ತಿದೆ?

ಹದಿನಾಲ್ಕು ಪಾಯಿಂಟ್ ನಾಲ್ಕು.

ಹಾಂ. ಅಂದ್ರೆ... ಆಲ್ಟರ್ನೇಟರ್ ಸರಿಯಾಗೇ ಇದೆ. ದುಡಿಯೋನು ದುಡೀತಾನೇ ಇದಾನೆ. ದುಡಿದಿದ್ದು ಮನೆ ಮುಟ್ತಾ ಇಲ್ಲ. ಮಧ್ಯೆ ಎಲ್ಲೋ... ರಿಲೇ! ರಿಲೇನೇ ಇರಬೇಕು. ಗಾಡಿಯೊಳಗೆ ಹಿಂದುಗಡೆ ಮಂಚದ ಕೆಳಗೆ ಇನ್ನೊಂದು ಬ್ಯಾಟರಿ ಇದೆಯಲ್ಲ, ದೀಪಕ್ಕೆ, ಫ್ಯಾನಿಗೆ. ಎರಡೂ ಬ್ಯಾಟರಿಗೆ ಹಂಚೋ ಪೆಟ್ಟಿಗೆ ಅದು. ಅದು ಕೆಟ್ಟರೆ ಎಲ್ಲ ಹಿಂದಕ್ಕೇ ಹರಿದುಹೋಗುತ್ತೆ. ಒಳಗೆ ಹೋಗಿ ಮಂಚದ ಹಲಗೆ ಎತ್ತು, ಹಾಸಿಗೆಯೆಲ್ಲ ತೆಗೀಬೇಕಾಗುತ್ತೆ... ಏನದು ಕೈಯಲ್ಲಿ? ಫ್ಯೂಸಾ? ಆಗಲೇ ಕಿತ್ತಿಟ್ಟಿದೀಯಾ? ಯಾವಾಗ? ಬೆಳಿಗ್ಗೆ ನಾನು ಅಲ್ಲಿಗೆ ಹೋಗಿದ್ದಾಗ. ಹಿಂದಿನ ಬ್ಯಾಟರಿಗೆ ಸಂಬಂಧವೇ ಇಲ್ಲ ಹಾಗಾದ್ರೆ. ಜಾಣೆ. ಜಾಣೆ ಕಣೇ ನೀನು.

ಡ್ಯಾಶ್‌ಬೋರ್ಡ್ ಯಾಕೆ ತೋರಿಸ್ತೀಯ? ಆ ಬ್ಯಾಟರಿ ಚಿಹ್ನೆಯ ಕೆಂಪು ದೀಪ ಹತ್ತಲ್ಲ, ಬಲ್ಬ್ ಸುಟ್ಟುಹೋಗಿದೆ ಅಂತ ನಿನಗೆ ಹೇಳಿದ್ದೆನಲ್ಲ. ಎಷ್ಟೋ ವರ್ಷದಿಂದ ಸುಟ್ಟಿದೆ. ಹಳೇ ಗಾಡಿ ಅಂದ್ರೆ ಹಾಗೇ. ಅಪ್ಪ ಇದರಲ್ಲಿ ಹದಿನೆಂಟು ವರ್ಷ ಊರೂರು ತಿರುಗಿದ್ರು, ಹೊಲಿಗೆ ಮೆಷಿನ್ ರಿಪೇರಿ ಮಾಡ್ತಾ. ಇದೇ ಮಂಚ, ಇದೇ ಸಿಂಕು, ಇದೇ ಸ್ಟೌವು. ರಜೆಯಲ್ಲಿ ನಾವಿಬ್ಬರೂ ಹಿಂದೆ ಮಲಗಿಕೊಂಡು ಹೋಗ್ತಿದ್ವಿ, ಸೂಜಿ ಡಬ್ಬಗಳು ರಾತ್ರಿಯೆಲ್ಲ ಗಿಲಿಗಿಲಿ ಅಂತಿದ್ವು. ನೀನು ಹೆದರಿಕೊಂಡು ನನ್ನ ಜಡೆ ಹಿಡ್ಕೊಂಡು ಮಲಗ್ತಿದ್ದೆ. ನೆನಪಿದೆಯಾ? ...ಒಂದು ಸಲ. ಹಾಂ.

ಎರಡು ವರ್ಷ ಅವನು ಹೊರಗಿಂದ ಬೀಗ ಹಾಕಿ ಅಂಗಡಿಗೆ ಹೋಗ್ತಿದ್ದ ಅಂತ ನೀನು ಹೇಳಿದ ದಿನ ನನಗೆ ನಿನ್ನ ಆ ಬೆರಳುಗಳೇ ನೆನಪಾದ್ವು. ‘ನಿನ್ನ ಒಳ್ಳೇದಕ್ಕೇ’ ಅಂತಿದ್ದನಂತೆ. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ. ಅದಕ್ಕೇ ಇವತ್ತು ಕೈ ಮುರಿದು ನಿಲ್ಲಿಸಲಿಲ್ಲ ನಾನು. ಟೇಬಲ್ ಹಿಡ್ಕೊಂಡು ಕುಸಿದ. ಗೋಡೆಗೆ ಒರಗಿಸಿದ ಗಾಜಿನ ಹಾಳೆ ಎರಡು ಅವನ ಮೇಲೇ ಬಿದ್ವು. ‘ಅಕ್ಕಾ’ ಅಂದ. ಅಕ್ಕ ಅಂತೆ! ಮದುವೆಯಾಗಿ ಆರು ವರ್ಷದಲ್ಲಿ ಒಂದು ದಿನ ಅಂದಿರಲಿಲ್ಲ, ಎಲ್ಲರ ಮುಂದೆ ‘ಆ ಗ್ಯಾರೇಜಿನವಳು’ ಅಂತಿದ್ದ. ಬಗ್ಗಿ ಅವನ ಗಲ್ಲ ಹಿಡಿದು ನೇರ ಮಾಡಿದೆ. ನಿನಗೆ ಎಡಗಡೆ ತಾನೇ ಮುರಿದಿದ್ದು? ಅಳತೆ ತಪ್ಪಬಾರದಲ್ಲ. ಎಡಗಡೆಗೇ ಕೊಟ್ಟೆ. ಇನ್ನು ಆರು ವಾರ ಅವನಿಗೂ ಸ್ಟ್ರಾದಲ್ಲೇ ಊಟ.

ಏನು, ತಲೆ ಅಲ್ಲಾಡಿಸ್ತಿದೀಯ? ಬೇಡವಿತ್ತು ಅಂತಾನಾ? ನಿನಗೆ ಮಾಡಿದವನಿಗೆ ಮಾಡಿದ್ದು. ಇಷ್ಟೂ ಮಾಡದೆ ಇದ್ರೆ ನಾನು ಯಾಕೆ ಅಕ್ಕ ಅನ್ನಿಸ್ಕೋಬೇಕು?

ಮತ್ತೆ ಮೀಟರಾ? ಬಿಡೇ ಅದನ್ನ, ನಾನು ನೋಡ್ತೀನಿ. ಪ್ಲಸ್ ವೈರ್ ಇಡೀ ಬದಲಾಯಿಸಿದ್ರೆ ಆಯ್ತು, ಹತ್ತು ನಿಮಿಷದ ಕೆಲಸ... ನೋಡಿದೆಯಾ? ಆಲ್ಟರ್ನೇಟರ್ ತಿರುಪಿಂದ ಬ್ಯಾಟರಿ ಪ್ಲಸ್‌ವರೆಗೆ? ಎಷ್ಟು ನಷ್ಟ? ಸೊನ್ನೆ ಪಾಯಿಂಟ್ ಒಂದು. ಅಂದ್ರೆ ಹೋಗೋ ದಾರಿ ಸರಿಯಾಗಿದೆ.

ಅಲ್ಲಿ ಯಾಕೆ ಇಡ್ತೀಯ ಕಡ್ಡಿನ? ಆಲ್ಟರ್ನೇಟರ್ ಮೈಗೂ ಬ್ಯಾಟರಿ ಮೈನಸ್ಸಿಗೂ ಮಧ್ಯೆ ಏನಿರುತ್ತೆ, ಎರಡೂ ಒಂದೇ ಕಬ್ಬಿಣ, ಸೊನ್ನೆ ತೋರಿಸುತ್ತೆ. ಸುಮ್ಮನೆ ಹೊತ್ತು ಕಳೀಬೇಡ, ಪೊಲೀಸಿನವರು...

ಎರಡು. ಪೂರಾ ಎರಡು ವೋಲ್ಟ್.

ಸರಿ. ಹೌದು. ವಾಪಸ್ ಬರೋ ದಾರಿ. ಕರೆಂಟಿಗೆ ಹೋಗೋಕೊಂದು ದಾರಿ ಇದ್ರೆ ವಾಪಸ್ ಬರೋಕೂ ಒಂದು ಬೇಕು, ಅದಿಲ್ಲದೆ ಏನೂ ತುಂಬಲ್ಲ. ನಾನೇ ಹೇಳಿಕೊಟ್ಟಿದ್ದು ನಿನಗೆ. ಈ ಆಲ್ಟರ್ನೇಟರ್ ರಬ್ಬರ್ ಬುಷ್ ಮೇಲೆ ಕೂತಿರೋದ್ರಿಂದ ಅದಕ್ಕೆ ಬೇರೆ ಅರ್ಥಿಂಗ್ ವೈರ್ ಇದೆ, ಕೆಳಗಡೆ ಚಾಸಿಗೆ, ಗಾಡಿಯ ಕಬ್ಬಿಣದ ಚೌಕಟ್ಟಿಗೆ ಹೋಗಿ ಒಂದು ನಟ್ಟಲ್ಲಿ ಕೂರುತ್ತೆ. ತುಕ್ಕು ಹಿಡಿದಿರುತ್ತೆ ಬಿಡು. ಅಪ್ಪನ ಕಾಲದಲ್ಲಿ ಬಿಗಿದಿದ್ದು ಅದು. ಅಪ್ಪ ಹೋಗಿ ಐದು ವರ್ಷ, ಅಲ್ಲಿಂದೀಚೆಗೆ ಕೆಳಗಡೆ ನಾನು ಕೈಯೇ ಹಾಕಿಲ್ಲ. ಬಾನೆಟ್ ಮೇಲಿಂದ ಏನು ಕಾಣುತ್ತೋ ಅಷ್ಟೇ ಮುಟ್ಟಿರೋದು. ಎಂಜಿನ್ ಆಫ್ ಮಾಡು. ನಾನು ಕೆಳಗೆ ನುಗ್ತೀನಿ. ನೀನು ಹೋಗಿ ಒಂದು ಬಾಟಲಿ ನೀರು ತಗೊಂಡು ಬಾ, ದಾರಿಗೆ ಬೇಕಲ್ಲ.

ಹೋಗು ಅಂದ್ರೆ! ...ಹೊಡೆಯೋಕೆ ಕೈ ಎತ್ತಲಿಲ್ಲ ನಾನು. ಯಾಕೆ ಹಾಗೆ ಹಿಂದಕ್ಕೆ ಸರಿದೆ? ನಿನ್ನ ಮೇಲೆ ಯಾವತ್ತಾದ್ರೂ ಕೈ ಎತ್ತಿದೀನಾ ನಾನು? ಹೆಗಲು ತುರಿಸಿಕೊಳ್ತಿದ್ದೆ. ಅಷ್ಟೇ.

ಕೇಳು, ಹೊತ್ತಿಲ್ಲ ಅಂತ ಯಾಕೆ ಹೇಳ್ತಿದೀನಿ ಅಂದ್ರೆ... ದವಡೆಗೆ ಕೊಟ್ಟ ಮೇಲೂ ನಿಲ್ಲಲಿಲ್ಲ ನಾನು. ಎಷ್ಟು ಅಂತ ಎಣಿಸಲಿಲ್ಲ. ಪಕ್ಕೆಗೆ, ಮಂಡಿಗೆ, ಬೆನ್ನಿಗೆ. ಸ್ಪ್ಯಾನರ್ ಜಾರ್ತಾ ಇತ್ತು, ಟವೆಲಲ್ಲಿ ಒರೆಸಿಕೊಂಡು ಮತ್ತೆ ಹೊಡೆದೆ. ಅವನು ಮೊದಲು ಕೂಗ್ತಿದ್ದ, ಆಮೇಲೆ ಬರೀ ಒಂದು ಥರ ಗೊರಗೊರ. ಪಕ್ಕದಂಗಡಿ ಚಪ್ಪಲಿ ಹೊಲಿಯೋನು ಬಂದು ನನ್ನ ಸೊಂಟ ಹಿಡಿದು ಎಳೆದ. ಹೊರಡುವಾಗ ಉಸಿರಾಡ್ತಿದ್ದ. ಉಸಿರಾಡ್ತಿದ್ದ ಕಣೇ, ಮೂಗಿನ ಹತ್ತಿರ ಗಾಜಿನ ಚೂರಿತ್ತು, ಅದರ ಮೇಲೆ ಹಬೆ ಕಟ್ತಿತ್ತು, ಕಣ್ಣಾರೆ ನೋಡಿದೆ. ಈಗ ಹೇಗಿದಾನೋ ಗೊತ್ತಿಲ್ಲ. ಚಪ್ಪಲಿಯವನಿಗೆ ನನ್ನ ಗುರುತಿದೆ. ಅದಕ್ಕೇ ಗೇಟಿಗೆ ಬೀಗ ಹಾಕಿಕೊಂಡು ಬಂದೆ.

ಯಾಕಷ್ಟು ಹೊಡೆದೆ ಅಂತ ಕಣ್ಣಲ್ಲೇ ಕೇಳ್ತಿದೀಯ. ಏನೋ ಅಂದ. ಬಾಯಲ್ಲಿ ರಕ್ತ ತುಂಬಿಕೊಂಡು ಏನೋ ಅಂದ. ನಿನ್ನನ್ನ ಬೈದ, ಅಷ್ಟೇ. ಏನು ಬೈದ ಅಂತ ಬೇಡ ಬಿಡು... ಬೇಡ ಅಂದೆ.

ಎಲ್ಲಿ ಹೋಗ್ತಿದೀಯ? ಏ, ಕೆಳಗೆ ಯಾಕೆ ಮಲಗ್ತೀಯ! ಮುಖಕ್ಕೆ ಏನಾದ್ರೂ ತಗುಲಿದ್ರೆ? ಮೆಣಸಿ! ಎದ್ದು ಬಾ. ಡಾಕ್ಟರು ಬಗ್ಗಬಾರದು ಅಂದಿದಾರೆ. ನಾನು ನೋಡ್ತೀನಿ ಅಂದ್ನಲ್ಲ, ಕಾಲು ಹಿಡಿದು ಎಳೀತೀನಿ ನೋಡು... ಇಲ್ಲ. ಎಳೆಯಲ್ಲ. ಬಿಟ್ಟೆ. ಒದೀಬೇಡ, ಬಿಟ್ಟೆ ಅಂದೆ.

ಸಿಕ್ತಾ? ಹಿತ್ತಾಳೆ ರಿಂಗಿನ ವೈರು. ತುಕ್ಕು ಹಿಡಿದಿದೆಯಾ? ...ತಟ್ಟು. ಒಂದು ಸಲ ಹೌದು, ಎರಡು ಸಲ ಇಲ್ಲ.

ಎರಡು.

ತುಕ್ಕಿಲ್ಲ. ಇರಲಿ, ಸಡಿಲ ಆಗಿರುತ್ತೆ. ಅಪ್ಪನ ಕಾಲದ್ದು. ನಾನೇ ಬಿಗಿದಿದ್ದು ಆಗ, ನಿಜ, ಕಂದು ಬಣ್ಣದ ಗೆರೆ ಇರಬೇಕು ನೋಡು ಅದರ ಮೇಲೆ, ಅಮ್ಮನ ನೇಲ್ ಪಾಲಿಶ್. ನಾನು ಬಿಗಿದ ನಟ್ಟಿಗೆಲ್ಲ ನಟ್ಟಿಂದ ಬೋಲ್ಟಿಗೆ ಒಂದು ಗೆರೆ ಎಳೆಯೋದು ನನ್ನ ಪದ್ಧತಿ. ಬೇರೆಯವರು ಬಿಚ್ಚಿದ್ರೆ ಗೆರೆ ಮುರಿಯುತ್ತೆ, ಗೊತ್ತಾಗಿಬಿಡುತ್ತೆ. ನನ್ನ ಬೆರಳಿಗೆ ಒಂದು ದಿನ ಹಚ್ಚಿಕೊಂಡವಳಲ್ಲ, ನಟ್ಟುಗಳಿಗೆ ಮಾತ್ರ ಸಿಂಗಾರ. ಕಣ್ಣು ಮುಚ್ಚಿದ್ರೂ ಕೈ ತಾನಾಗೇ ಎಳೆಯುತ್ತೆ ಆ ಗೆರೆ...

ತಾನಾಗೇ ಎಳೆಯುತ್ತೆ.

ಏನು ಮಾಡ್ತಿದೀಯ ಅಷ್ಟೊತ್ತು? ಟಾರ್ಚು ಯಾಕೆ ಒಂದೇ ಕಡೆ ನಿಂತಿದೆ? ಸರಿ, ಇರು, ನಾನೂ ಬಗ್ತೀನಿ. ಎಲ್ಲಿ, ತೋರಿಸು.

ಬೆರಳು ಯಾಕೆ ಅದರ ಪಕ್ಕ ಇಟ್ಟಿದೀಯ... ನಿನ್ನ ಉಗುರು.

ಹಾಂ. ಒಂದೇ ಬಣ್ಣ.

ಅಮ್ಮನ ಶೀಶೆ ಒಣಗಿಹೋಗಿತ್ತು. ನೀನು ನಾಲ್ಕು ತಿಂಗಳ ಹಿಂದೆ ಆ ಮನೆಯಿಂದ ಬಂದಾಗ ಕೈಚೀಲದಲ್ಲಿ ಇದ್ದದ್ದು ಅದೊಂದೇ, ಕಿತ್ತಳೆ ಬಣ್ಣದ ಶೀಶೆ. ಅವನು ಹಚ್ಚಿಕೊಳ್ಳೋಕೆ ಬಿಡ್ತಿರಲಿಲ್ಲ ಅಂತ ಬಚ್ಚಿಟ್ಟುಕೊಂಡಿದ್ದೆ. ಬಂದ ದಿನಾನೇ ಹಚ್ಚಿಕೊಂಡು ಮಿಕ್ಕಿದ್ದು ನನಗೆ ಕೊಟ್ಟೆ, ‘ನಿನ್ನ ನಟ್ಟುಗಳಿಗಿರಲಿ ಅಕ್ಕಾ’ ಅಂತ. ಇಬ್ಬರೂ ನಕ್ಕಿದ್ವಿ. ಆವತ್ತಿಂದ ನಿನ್ನ ಉಗುರಿಗೂ ನನ್ನ ನಟ್ಟಿಗೂ ಅದೇ ಶೀಶೆ. ಅದಕ್ಕೆ ಮೊದಲು ಈ ಶೆಡ್ಡಲ್ಲಿ ಕಿತ್ತಳೆ ಬಣ್ಣವೇ ಇರಲಿಲ್ಲ.

ಇರು, ಹಾಗೆ ನೋಡಬೇಡ. ಯಾವಾಗಲೋ ಮೇಲಿಂದ ಚೆಲ್ಲಿರಬೇಕು... ಚೆಲ್ಲಿದ್ದು ಗೆರೆ ಥರ ಬೀಳಲ್ಲ, ಗೊತ್ತು. ಬೆಲ್ಟು ಹಾಕಿದಾಗ ಅದನ್ನೂ ಒಂದು ಕೈ ನೋಡಿರಬೇಕು. ಮರೆತಿರ್ತೀನಿ. ಹೌದು, ಆವಾಗಲೇ ಇರಬೇಕು, ಅಲ್ವಾ? ತಟ್ಟು. ಒಂದು ಸಲ ತಟ್ಟು, ಹೌದು ಅಂತ.

ತಟ್ಟೇ.

ಎರಡು ಸಲವಾದ್ರೂ ತಟ್ಟು.

ಸ್ಪ್ಯಾನರ್ ನಿನ್ನ ಕೈಯಲ್ಲೇ ಇದೆಯಲ್ಲ...

ಹಾಗಿದ್ರೆ ಬಿಚ್ಚು. ನಟ್ಟು ಬಿಚ್ಚಿ ರಿಂಗ್ ಎತ್ತಿ ನೋಡು. ಕೆಳಗೆ ಒಂದು ವಾಷರ್ ಇದೆ. ಕಬ್ಬಿಣದ್ದಲ್ಲ, ಫೈಬರ್. ಕರೆಂಟು ಅದರ ಮೂಲಕ ಹಾಯಲ್ಲ, ಬೋಲ್ಟಿನ ಥ್ರೆಡ್ಡಿನಿಂದ ಅಷ್ಟಿಷ್ಟು ನುಸುಳುತ್ತೆ. ನಾನೇ ಕತ್ತರಿಸಿ ಹಾಕಿದ್ದು. ಕೆಂಪು ದೀಪದ ಬಲ್ಬು ಸುಟ್ಟಿಲ್ಲ, ನನ್ನ ಟೇಬಲ್ ಡ್ರಾಯರಲ್ಲಿದೆ. ದೀಪ ಹತ್ತಿದ್ರೆ ನೀನು ಮನೆ ಬಿಡೋ ಮೊದಲೇ ನೋಡ್ತಿದ್ದೆ.

ಮೊದಲನೇ ಸಲ ನೀನು ಸೋಮವಾರ ಹೊರಡ್ತೀನಿ ಅಂದೆ. ಎಷ್ಟು ಖುಷಿಯಾಗಿ ಅಂದೆ! ಭಾನುವಾರ ಮಧ್ಯಾಹ್ನ ನೀನು ತಲೆಗೆ ಸ್ನಾನ ಮಾಡ್ತಿದ್ದೆ, ನಾನು ಗಾಡಿ ಕೆಳಗೆ ಮಲಗಿದೆ. ಐದು ನಿಮಿಷದ ಕೆಲಸ. ಅಪ್ಪ ಹೋದ ಮೇಲೆ ಐದು ವರ್ಷ ಈ ಶೆಡ್ಡಲ್ಲಿ ನಾನು, ಈ ಮೀಟರು, ಇಬ್ಬರೇ. ನೀನು ಬಂದ ಮೇಲೆ ಬೆಳಿಗ್ಗೆ ಎದ್ರೆ ಗಾಡಿಯೊಳಗೆ ಸಿಂಕಲ್ಲಿ ನೀರು ಬೀಳೋ ಸದ್ದು, ನೀನು ಕೆಮ್ಮೋ ಸದ್ದು. ಅದು ಬೇಕು ಅನ್ನಿಸ್ತು ಕಣೇ ನನಗೆ. ಅಷ್ಟೇ. ದೂರ ಹೋಗಿ ಯಾರ ಕೈಗೆ ಸಿಗ್ತೀಯೋ ಏನೋ, ಇಲ್ಲೇ ಇದ್ರೆ ನಾನಿರ್ತೀನಿ... ನಿನ್ನ ಒಳ್ಳೇದಕ್ಕೇ...

ಗೊತ್ತು. ಆ ಮಾತು ಯಾರದ್ದು ಅಂತ ಗೊತ್ತು.

ಮೂವತ್ತು ಕಿಲೋಮೀಟರ್ ಹೋಗ್ತೀಯ, ನಿಲ್ಲುತ್ತೆ, ಫೋನ್ ಮಾಡ್ತೀಯ, ನಾನು ಬರ್ತೀನಿ. ಅಷ್ಟೇ ನಾನು ಯೋಚಿಸಿದ್ದು. ಮೂರನೇ ಸಲ ಆ ಮುಚ್ಚಿದ ಪೇಂಟ್ ಫ್ಯಾಕ್ಟರಿ ಮುಂದೆ ನಿಲ್ಲುತ್ತೆ, ಅದೇ ದಾರಿಯಲ್ಲಿ ಅವನು ಗಾಜು ಹೇರಿಕೊಂಡು ಬರ್ತಾನೆ ಅಂತ ನಾನು...

ಅವನು ಏನಂದ ಅಂತ ಕೇಳಿದೆಯಲ್ಲ. ನಿನ್ನನ್ನ ಬೈಯಲಿಲ್ಲ. ‘ನಾನು ಹುಡುಕಿಕೊಂಡು ಹೋಗಿರಲಿಲ್ಲ’ ಅಂದ. ‘ಹುಡುಕೋದು ಬಿಟ್ಟು ತಿಂಗಳಾಗಿತ್ತು. ಬಾನೆಟ್ ಎತ್ತಿಕೊಂಡು ನಿಂತಿತ್ತು ಗಾಡಿ. ಅದು ಓಡ್ತಾ ಇದ್ದಿದ್ರೆ ನಾನು ಅವಳನ್ನ ನೋಡ್ತಾನೇ ಇರಲಿಲ್ಲ’ ಅಂದ. ಅಷ್ಟೇ ಅಂದಿದ್ದು. ಅದಾದ ಮೇಲೇ ನಾನು ಎಣಿಸದೆ ಹೊಡೆದಿದ್ದು. ಆ ಬಾಯಿ ಮುಚ್ಚಿಸೋಕೆ. ಕೈ, ದವಡೆ ನಿನಗಾಗಿ. ಉಳಿದಿದ್ದು ಪೂರಾ ನನಗಾಗಿ.

ಹೊಡಿ ನನಗೂ. ಎದುರಿಗೇ ಇದೀನಿ. ಎಡಗಡೆಗೇ ಹೊಡಿ...

ವಾಷರ್ ತೆಗೆದು ಎಸೆದೆಯಾ, ಸರಿ. ಕೊಡು ಇತ್ತ, ನಾನು ಬಿಗೀತೀನಿ. ಉಪ್ಪುಕಾಗದದಲ್ಲಿ ಒಂದು ಸಲ ಉಜ್ಜಬೇಕು... ಬೇಡವಾ? ನೀನೇ ಮಾಡ್ತೀಯಾ. ಸರಿ. ಬಲಕ್ಕೆ ತಿರುಗಿಸು. ಇನ್ನೂ. ಸಾಕು, ಕೈಗೆ ಗಟ್ಟಿ ಅನ್ನಿಸಿದ್ರೆ ಸಾಕು. ಗೆರೆ ಎಳೀಬೇಡ ಅದಕ್ಕೆ. ನನ್ನ ಗೆರೆ ಬೇಡ.

ಎಲ್ಲಿಗೆ? ಸೀಟಿಗಾ. ಕೂತ್ಕೋ. ಸ್ಟಾರ್ಟ್ ಮಾಡು, ಮೀಟರ್ ನಾನು ಹಿಡೀತೀನಿ... ಹದಿಮೂರೂವರೆ... ಹದಿನಾಲ್ಕು. ಹದಿನಾಲ್ಕು ಪಾಯಿಂಟ್ ಎರಡು. ಹೆಡ್‌ಲೈಟ್ ಹಾಕು. ಇಳೀಲಿಲ್ಲ! ನಿಂತಿದೆ ನೋಡು, ಹದಿನಾಲ್ಕಲ್ಲೇ ನಿಂತಿದೆ. ಇನ್ನು ಎಲ್ಲಿವರೆಗೆ ಬೇಕಾದ್ರೂ ಹೋಗುತ್ತೆ ಇದು. ಸಮುದ್ರದವರೆಗೂ ಹೋಗುತ್ತೆ. ಬಾನೆಟ್ ಮುಚ್ಚಿದೆ.

ಈ ಕಡೆ ಬಾಗಿಲು ತೆಗಿ, ನಾನೂ... ಲಾಕ್ ಮಾಡಿದೀಯ.

ಒಬ್ಬಳೇನಾ? ತಟ್ಟು. ಗಾಜಿನ ಮೇಲೇ ತಟ್ಟು, ಒಂದೋ ಎರಡೋ, ಏನಾದ್ರೂ... ಓ. ಸ್ಪ್ಯಾನರ್ ಇಲ್ಲೇ ನೆಲದ ಮೇಲೆ ಇಟ್ಟು ಹತ್ತಿದೀಯ.

ಮುಂದೆ ನೋಡ್ತಿದೀಯ. ನನ್ನನ್ನಲ್ಲ, ಗೇಟನ್ನ. ಆ ಬೀಗ ಪೊಲೀಸಿನವರಿಗೆ ಅಂತ ಹಾಕಿದ್ದು ಕಣೇ. ನಿಜವಾಗಿ. ಹೊರಗಿನವರು ಒಳಗೆ ಬರಬಾರದು ಅಂತ, ಒಳಗಿರೋರು ಹೋಗಬಾರದು ಅಂತಲ್ಲ...

ಹಾರನ್ ಹೊಡೀಬೇಡ. ತೆಗೀತಿದೀನಿ. ಬಂತು... ತೆಗೆದೆ ನೋಡು. ಗೇಟಿನ ಎರಡೂ ಬಾಗಿಲು ತೆಗೆದೆ. ನಾನು ಪಕ್ಕಕ್ಕೆ ನಿಂತಿದೀನಿ.